ಆ 2 ಪರ್ಸೆಂಟ್ ಸೋಸಲೆವರೆಗೂ ಬರುತ್ತಾ?

ಸರ್ಕಾರಿ ಶಾಲೆಯ ಕಬ್ಬಿಣದ ಬೀರು. ಬಾಗಿಲ ಮೇಲೆ ಕಂಪನಿ ಹೆಸರು, ಕೆಳಗೆ ‘ಕೊಡುಗೆ’ ಅಂತ ಬಣ್ಣದಲ್ಲಿ ಬರೆದಿರುತ್ತೆ. ನೀವೂ ನೋಡಿರ್ತೀರಿ. ಇದು ದಾನಾನಾ? ಪೂರ್ತಿ ಹಾಗಲ್ಲ.

2013ರ ಕಂಪನಿ ಕಾಯ್ದೆ, 135ನೇ ಸೆಕ್ಷನ್. ಹಿಂದಿನ ವರ್ಷ ನಿವ್ವಳ ಲಾಭ 5 ಕೋಟಿ, ಇಲ್ಲಾ ವಹಿವಾಟು 1,000 ಕೋಟಿ, ಇಲ್ಲಾ ನೆಟ್‌ವರ್ತ್ 500 ಕೋಟಿ ಮುಟ್ಟಿದ ಕಂಪನಿ, ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇಕಡಾ 2 ಸಮಾಜಕ್ಕೆ ಖರ್ಚು ಮಾಡ್ಬೇಕು. ಸರಾಸರಿ 100 ಕೋಟಿ ಲಾಭ ಅಂದ್ರೆ 2 ಕೋಟಿ. ಸಿಎಸ್‌ಆರ್ ಅನ್ನೋದು ಇದನ್ನೇ.

ಶಾಲೆ, ಆರೋಗ್ಯ, ಗ್ರಾಮೀಣ ಕ್ರೀಡೆಯ ತರಬೇತಿ ಎಲ್ಲಾ ಇದರಲ್ಲಿ ಸೇರುತ್ತೆ. ಆದ್ರೆ ಕಬಡ್ಡಿ ಪಂದ್ಯಕ್ಕೆ ದುಡ್ಡು ಕೊಟ್ಟು, ಜರ್ಸಿ ತುಂಬಾ ತನ್ನ ಬ್ರ್ಯಾಂಡ್ ಹಾಕಿಸಿ ಪ್ರಚಾರ ಗಿಟ್ಟಿಸಿಕೊಂಡ್ರೆ? ಅದು ಜಾಹೀರಾತು, ಲೆಕ್ಕಕ್ಕೆ ಬರಲ್ಲ.

ಈಗ ಸೋಸಲೆ. ಟಿ. ನರಸೀಪುರದ ಪಕ್ಕದ ಹೊಳೆ ದಂಡೆಯ ಊರು. ನೆಸ್ಲೆಯಂಥ ದೊಡ್ಡ ಕಾರ್ಖಾನೆಗಳಿರೋದು ಅತ್ತ ನಂಜನಗೂಡಲ್ಲಿ. ‘ಸ್ಥಳೀಯ ಪ್ರದೇಶಕ್ಕೆ ಆದ್ಯತೆ’ ಅನ್ನುತ್ತೆ ಕಾಯ್ದೆ. ಎಷ್ಟು ಕಿಲೋಮೀಟರ್ ಒಳಗೆ? ಬರೆದಿಲ್ಲ. ಮೇಲಾಗಿ 2021ರಲ್ಲಿ ಕೇಂದ್ರವೇ ಸ್ಪಷ್ಟಪಡಿಸ್ತು: ಇದು ಬರೀ ಸೂಚನೆ, ಕಡ್ಡಾಯ ಅಲ್ಲ. ನನ್ನ ಕೇಳಿದ್ರೆ ದೂರದ ಹಳ್ಳಿಗಳು ಜಾರಿಬೀಳೋದು ಈ ಸಂದಿಯಲ್ಲೇ.

ಹಾಗಂತ ಸುಮ್ನೆ ಕೂರಬೇಕಿಲ್ಲ. ವೆಬ್‌ಸೈಟ್ ಇರೋ ಕಂಪನಿ ತನ್ನ ಸಿಎಸ್‌ಆರ್ ನೀತಿ, ಒಪ್ಪಿಗೆ ಕೊಟ್ಟ ಯೋಜನೆ ಎರಡನ್ನೂ ಅಲ್ಲಿ ಹಾಕ್ಲೇಬೇಕು. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ)ಯವರೇ, ಮೊದಲು ಅದನ್ನ ತೆಗೆದು ನೋಡಿ. ಆಮೇಲೆ ಅರ್ಜಿ. ‘ದಯವಿಟ್ಟು ಸಹಾಯ ಮಾಡಿ’ ಅಂತಲ್ಲ. ‘ಆರನೇ ಕ್ಲಾಸಿನ ಸೂರು ಸೋರ್ತಿದೆ, ರಿಪೇರಿಗೆ ಇಷ್ಟಾಗುತ್ತೆ, ಫೋಟೊ ಇಟ್ಟಿದ್ದೀವಿ’ ಅಂತ.