ಅಲ್ಪ ಪ್ರಮಾಣ, ಮಹತ್ಕಾರ್ಯ: ಮನುಷ್ಯನಲ್ಲಿಯೂ ಸಸ್ಯಗಳಲ್ಲಿಯೂ ಹಾರ್ಮೋನುಗಳು

ಮಾವಿನಕಾಯಿಗಳನ್ನು ಹುಲ್ಲಿನಲ್ಲಿ ಅಡೆಹಾಕುವುದು, ಬಾಳೆಗೊನೆಗೆ ಹೊಗೆ ಕೊಡುವುದು, ಸೇವಂತಿಗೆಯ ಕುಡಿ ಚಿವುಟುವುದು, ಇವು ನಮ್ಮ ರೈತರು ಬಹುಕಾಲದಿಂದ ಬಲ್ಲ ಕೆಲಸಗಳು. ಇವುಗಳೆಲ್ಲದರ ಹಿಂದೆ ಇರುವ ತತ್ತ್ವವು ಒಂದೇ. ಜೀವಿಯ ದೇಹದಲ್ಲಿಯೇ ಹುಟ್ಟಿ, ಅತ್ಯಲ್ಪ ಪ್ರಮಾಣದಿಂದಲೇ ಅದರ ಬೆಳವಣಿಗೆಯನ್ನೂ ಇತರ ಕಾರ್ಯಗಳನ್ನೂ ನಿಯಂತ್ರಿಸುವ ದ್ರವ್ಯಗಳುಂಟು. ಇವುಗಳಿಗೆ ಹಾರ್ಮೋನುಗಳೆಂದು ಹೆಸರು. ಪ್ರಚೋದಿಸುವುದು ಎಂಬರ್ಥವುಳ್ಳ ಗ್ರೀಕ್ ಪದದಿಂದ ಬಂದ ಈ ಹೆಸರನ್ನು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಸ್ಟಾರ್ಲಿಂಗರು 1905ರಲ್ಲಿ ಬಳಕೆಗೆ ತಂದರು.

ಮನುಷ್ಯನಲ್ಲಿ ಹಾರ್ಮೋನುಗಳು ಮುಖ್ಯವಾಗಿ ನಿರ್ನಾಳ ಗ್ರಂಥಿಗಳಲ್ಲಿ ಹುಟ್ಟಿ, ರಕ್ತದೊಡನೆ ಬೆರೆತು ಸಂಚರಿಸುತ್ತವೆ. ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್ ರಕ್ತದಲ್ಲಿನ ಸಕ್ಕರೆಯನ್ನು ಮಿತಿಯಲ್ಲಿಡುವುದು. ಇದು ಸಾಲದೆ ಹೋದರೆ ಮಧುಮೇಹವುಂಟಾಗುವುದು. ಮಿತಿಮೀರಿದರೆ ಸಕ್ಕರೆಯು ಕುಗ್ಗಿ ಮನುಷ್ಯನು ಪ್ರಜ್ಞೆತಪ್ಪುವನು. ಕುತ್ತಿಗೆಯಲ್ಲಿರುವ ಥೈರಾಯಿಡ್ ಗ್ರಂಥಿಗೆ ಅಯೋಡಿನ್ ಬೇಕು. ಆಹಾರದಲ್ಲಿ ಇದರ ಕೊರತೆಯಾದರೆ ಗ್ರಂಥಿಯು ಊದಿ ಗಳಗಂಡವಾಗುವುದಲ್ಲದೆ, ಮಕ್ಕಳ ಬುದ್ಧಿಯೂ ಬೆಳವಣಿಗೆಯೂ ಕುಂಠಿತವಾಗುವುವು. ಅಡಿಗೆಯ ಉಪ್ಪಿಗೆ ಅಯೋಡಿನ್ ಸೇರಿಸುವುದು ಈ ಕಾರಣದಿಂದಲೇ.

ಸಸ್ಯಗಳಿಗೆ ರಕ್ತವೂ ಇಲ್ಲ, ಅಂತಹ ಗ್ರಂಥಿಗಳೂ ಇಲ್ಲ. ಅವುಗಳ ಹಾರ್ಮೋನುಗಳು ಕುಡಿ, ಎಲೆ, ಬೇರು, ಕಾಯಿಗಳಲ್ಲಿಯೇ ಹುಟ್ಟುತ್ತವೆ. ಹುಲ್ಲಿನ ಮೊಳಕೆಯ ತುದಿಯನ್ನು ಮುಚ್ಚಿದರೆ ಅದು ಬೆಳಕಿನ ಕಡೆಗೆ ಬಾಗುವುದಿಲ್ಲವೆಂಬುದನ್ನು ಚಾರ್ಲ್ಸ್ ಡಾರ್ವಿನ್ನರೂ ಅವರ ಮಗ ಫ್ರಾನ್ಸಿಸರೂ 1880ರಲ್ಲಿ ಪ್ರಕಟಿಸಿದರು. ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ದ್ರವ್ಯವೇ ಇದಕ್ಕೆ ಕಾರಣವೆಂದು ಹಾಲೆಂಡಿನ ವೆಂಟ್ ಎಂಬವರು 1928ರಲ್ಲಿ ತೋರಿಸಿದರು. ಈ ದ್ರವ್ಯವೇ ಆಕ್ಸಿನ್. ಇದು ಕುಡಿಯಿಂದ ಇಳಿದುಬರುತ್ತಿರುವವರೆಗೆ ಪಕ್ಕದ ಮೊಗ್ಗುಗಳು ಚಿಗುರುವುದು ತಡೆಯಲ್ಪಡುತ್ತದೆ. ಆದುದರಿಂದಲೇ ತೊಗರಿಯ ಕುಡಿಯನ್ನು ಸಕಾಲದಲ್ಲಿ ಚಿವುಟಿದರೆ ಗಿಡವು ಕವಲೊಡೆದು ಹೆಚ್ಚು ಕಾಯಿ ಕಚ್ಚುವುದು.

ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಸಸಿಗಳು ವಿಪರೀತ ಉದ್ದವಾಗಿ, ಬಿಳಿಚಿಕೊಂಡು, ಬಿದ್ದುಹೋಗುತ್ತಿದ್ದವು. ರೈತರು ಇವುಗಳನ್ನು ಹುಚ್ಚುಸಸಿಗಳೆನ್ನುತ್ತಿದ್ದರು. ಒಂದು ಜಾತಿಯ ಬೂಷ್ಟು ಸ್ರವಿಸುವ ದ್ರವ್ಯದಿಂದ ಹೀಗಾಗುವುದೆಂದು ಕುರೋಸಾವಾ ಎಂಬವರು 1926ರಲ್ಲಿ ತಿಳಿಸಿದರು. ಅದೇ ಜಿಬ್ಬರೆಲಿನ್. ಸಸಿಯನ್ನು ಕೆಡಿಸುವ ಈ ದ್ರವ್ಯವನ್ನೇ ಇಂದು ಹಿತವಾದ ಪ್ರಮಾಣದಲ್ಲಿ ಸಿಂಪಡಿಸಿ, ಬೀಜರಹಿತ ದ್ರಾಕ್ಷಿಯ ಹಣ್ಣುಗಳನ್ನು ದಪ್ಪಗೊಳಿಸುತ್ತಾರೆ.

ಪ್ರಮಾಣದ ಮಹತ್ವವನ್ನು ತಿಳಿಯಲು 2,4-ಡಿ ಎಂಬ ಕಳೆನಾಶಕಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಇದು ಆಕ್ಸಿನ್ನನ್ನು ಹೋಲುವ ಕೃತಕ ದ್ರವ್ಯ. ಅಗಲ ಎಲೆಯ ಕಳೆಗಳು ಇದರಿಂದ ಅಂಕೆಯಿಲ್ಲದೆ ತಿರುಚಿ ಬೆಳೆದು ಸಾಯುತ್ತವೆ. ಜೋಳ, ಕಬ್ಬು ಮೊದಲಾದ ಹುಲ್ಲುಜಾತಿಯ ಪೈರುಗಳು ತಕ್ಕ ಹದದಲ್ಲಿ ಸಿಂಪಡಿಸಿದಾಗ ತಾಳಿಕೊಳ್ಳುತ್ತವೆ. ಆದರೆ ಹತ್ತಿ ಮತ್ತು ದ್ರಾಕ್ಷಿಗಳಿಗೆ ಗಾಳಿಯಲ್ಲಿ ತೇಲಿಬಂದ ತುಂತುರೂ ಸಾಕು. ಎಲೆಗಳು ಕಿರಿದಾಗಿ ಸುರುಟಿ ಫಸಲು ಕೆಡುವುದು. ಒಬ್ಬನ ಅಜಾಗರೂಕತೆಯಿಂದ ನೆರೆಯವನ ಒಂದು ವರ್ಷದ ದುಡಿಮೆಯೇ ನಷ್ಟವಾಗಬಹುದು. ಆದುದರಿಂದ ಗಾಳಿ ಬೀಸುವಾಗ ಇದನ್ನು ಸಿಂಪಡಿಸಲಾಗದು. ಇದಕ್ಕೆ ಬಳಸಿದ ಪಂಪನ್ನು ಹತ್ತಿ, ತರಕಾರಿಗಳ ಔಷಧಿಗೆ ಉಪಯೋಗಿಸದೆ ಬೇರೆಯಾಗಿಯೇ ಇಡತಕ್ಕದ್ದು.

ಇನ್ನು ಹಣ್ಣಿನ ವಿಚಾರ. ಬಲಿತ ಮಾವು, ಬಾಳೆಗಳು ಮಾಗುವಾಗ ಎಥಿಲೀನ್ ಎಂಬ ಅನಿಲವನ್ನು ತಾವೇ ಹೊರಬಿಡುತ್ತವೆ. ಹಣ್ಣಾದ ಒಂದು ಕಾಯಿಯು ಬುಟ್ಟಿಯಲ್ಲಿರುವ ಉಳಿದವುಗಳನ್ನೂ ಮಾಗಿಸುವುದು ಇದರಿಂದಲೇ. ಹುಲ್ಲಿನ ಅಡೆಯು ಈ ಅನಿಲವನ್ನು ಕೂಡಿಹಾಕುವುದು. ಹೊಗೆಯಲ್ಲಿಯೂ ಇದರ ಅಂಶವಿರುವುದು. ಕೆಲವರು ಆತುರದಿಂದ ಕ್ಯಾಲ್ಸಿಯಂ ಕಾರ್ಬೈಡ್ ಬಳಸುತ್ತಾರೆ. ಇದರಿಂದ ಏಳುವ ಅನಿಲವು ಎಥಿಲೀನನ್ನು ಅನುಕರಿಸುವುದಾದರೂ, ಕಾರ್ಬೈಡಿನಲ್ಲಿ ಪಾಷಾಣ ಮತ್ತು ರಂಜಕದ ವಿಷಾಂಶಗಳಿರುತ್ತವೆ. ಇದರಿಂದ ಹಣ್ಣು ಮಾಗಿಸುವುದು ಭಾರತದಲ್ಲಿ ಕಾನೂನಿನಂತೆ ನಿಷಿದ್ಧ. ಮುಚ್ಚಿದ ಕೋಣೆಯಲ್ಲಿ, ಗಾಳಿಯ ಹತ್ತು ಲಕ್ಷ ಭಾಗಗಳಿಗೆ 100 ಭಾಗ ಮೀರದಂತೆ ಎಥಿಲೀನ್ ಬಿಡುವುದಕ್ಕೆ ಅನುಮತಿಯುಂಟು. ಆದರೆ ಯಾವ ಕ್ರಮವೂ ಎಳೆಯ ಕಾಯಿಗೆ ಸಿಹಿಯನ್ನು ತಂದುಕೊಡಲಾರದು. ಬಲಿತದ್ದನ್ನೇ ಕೊಯ್ಯುವುದು ಲೇಸು.

ಹಾರ್ಮೋನು ಗೊಬ್ಬರವಲ್ಲ, ಹೆಚ್ಚು ಹಾಕಿದಷ್ಟೂ ಹೆಚ್ಚು ಫಲವೆಂಬ ಮಾತು ಇಲ್ಲಿ ಸಲ್ಲದು. ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನು ಅಳೆದು, ಹೇಳಿದ ಕಾಲದಲ್ಲಿ, ಹೇಳಿದ ಬೆಳೆಗೆ ಮಾತ್ರ ಉಪಯೋಗಿಸಿದಲ್ಲಿ ಇವು ರೈತರಿಗೆ ಸಹಾಯಕವಾಗುವುವು.