ಹುಡುಕಾಟದ ದಾರಿ ತಿದ್ದುವ ನಿಯಮಗಳು

ಅಕ್ಷರಗಳನ್ನು ಸಾಲಾಗಿ ಜೋಡಿಸಿಟ್ಟ ದತ್ತಾಂಶಕ್ಕೆ ಪ್ರೋಗ್ರಾಮಿಂಗ್‌ನಲ್ಲಿ ಸ್ಟ್ರಿಂಗ್ ಎಂದು ಹೆಸರು. ಒಂದು ಸ್ಟ್ರಿಂಗ್‌ನೊಳಗೆ ಮತ್ತೊಂದು ಇದೆಯೇ, ಇದ್ದರೆ ಎಲ್ಲಿದೆ ಎಂಬ ಪ್ರಶ್ನೆಯನ್ನು ಕೇಳದೆ ಮುಗಿಯುವ ತಂತ್ರಾಂಶ ಅಪರೂಪ. ಈ ಪ್ರಶ್ನೆಗೆ ಬೇಗ ಉತ್ತರಿಸುವ ವಿಧಾನಗಳನ್ನು ಗಣಕ ವಿಜ್ಞಾನಿಗಳು ಅರ್ಧ ಶತಮಾನದ ಹಿಂದೆಯೇ ರೂಪಿಸಿದ್ದರು: ಹಲವು ಪದಗಳನ್ನು ಒಟ್ಟಿಗೆ ಹುಡುಕುವ ಆಹೊ–ಕೊರಾಸಿಕ್ ವಿಧಾನ 1975ರಲ್ಲಿಯೂ, ನೂತ್–ಮಾರಿಸ್–ಪ್ರಾಟ್ ಮತ್ತು ಬಾಯರ್–ಮೂರ್ ವಿಧಾನಗಳು 1977ರಲ್ಲಿಯೂ ಪ್ರಕಟವಾದವು. ಆದರೆ ದಿನನಿತ್ಯದ ಕೆಲಸದಲ್ಲಿ ಪ್ರೋಗ್ರಾಮರ್ ಇವನ್ನು ತಾನೇ ಬರೆಯುವುದಿಲ್ಲ. ಭಾಷೆಯ ಗ್ರಂಥಾಲಯದಲ್ಲಿ ಸಿದ್ಧವಾಗಿರುವ ಹತ್ತಾರು ವಿಧಾನಗಳ ಪೈಕಿ ಒಂದನ್ನು ಆರಿಸಿಕೊಳ್ಳುತ್ತಾನೆ, ಮತ್ತು ವೇಳೆ ಪೋಲಾಗುವುದು ಹೆಚ್ಚಾಗಿ ಆ ಆಯ್ಕೆಯಲ್ಲಿಯೇ. ಕೋಡ್ ವಿಶ್ಲೇಷಣೆಯ ನಿಯಮಗಳು ಕಣ್ಣಿಡುವುದು ಇಂತಹ ಆಯ್ಕೆಗಳ ಮೇಲೆ.

ಕೋಡನ್ನು ಓಡಿಸದೆ, ಬರೆದ ರೂಪದಲ್ಲಿಯೇ ಓದಿ ದೋಷ ಹೇಳುವ ಸಲಕರಣೆಗಳ ಪರಂಪರೆ 1970ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ಬರೆದ 'ಲಿಂಟ್'ನಿಂದ ಬಂದದ್ದು. ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ವೇದಿಕೆಯಲ್ಲಿ ಈ ಕೆಲಸವನ್ನು ರೋಸ್ಲಿನ್ ಎಂಬ ಕಂಪೈಲರ್ ಮಾಡುತ್ತದೆ. 2020ರ ಡಾಟ್‌ನೆಟ್ 5ರಿಂದ ಈಚೆಗೆ ವಿಶ್ಲೇಷಕಗಳು ಅದರ ಅಭಿವೃದ್ಧಿ ಕಿಟ್‌ನ ಜೊತೆಯಲ್ಲಿಯೇ ಬರುತ್ತವೆ. ವಿಶ್ಲೇಷಕವು ಕೋಡನ್ನು ಬರಿಯ ಅಕ್ಷರಗಳಾಗಿ ನೋಡದೆ, ಯಾವ ಪದ ಯಾವ ವರ್ಗದ ಯಾವ ವಿಧಾನವನ್ನು ಸೂಚಿಸುತ್ತದೆ ಎಂಬುದನ್ನು ಕಂಪೈಲರ್‌ನಿಂದಲೇ ತಿಳಿದುಕೊಳ್ಳುವುದರಿಂದ, ಬೇರೊಂದು ವರ್ಗದಲ್ಲಿ ಅದೇ ಹೆಸರಿನ ವಿಧಾನವಿದ್ದರೆ ಮೋಸಹೋಗುವುದಿಲ್ಲ. ಸ್ಟ್ರಿಂಗ್ ಹುಡುಕಾಟವನ್ನು ತಿದ್ದಲು ಹೊರಟ ನಿಯಮಗಳು ತಮ್ಮ ಕೆಲಸಕ್ಕೆ ಸ್ಟ್ರಿಂಗ್ ಹುಡುಕಾಟವನ್ನು ನಂಬಿಲ್ಲವೆಂಬುದು ಗಮನಿಸಬೇಕಾದ ಸಂಗತಿ.

ಈ ನಿಯಮಗಳಲ್ಲಿ ಸಿಎ1858 ಎಂಬುದು ತಿಳಿಯಲು ಸುಲಭವಾದದ್ದು, ಬಹುಶಃ ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ. ಒಂದು ಸಾಲು 'ದೋಷ' ಎಂಬ ಪದದಿಂದ ಆರಂಭವಾಗುತ್ತದೆಯೇ ಎಂದು ತಿಳಿಯಬೇಕಾದ ಪ್ರೋಗ್ರಾಮರ್, ಆ ಪದ ಮೊದಲು ಕಾಣಿಸಿಕೊಳ್ಳುವ ಸ್ಥಾನವನ್ನು ಹೇಳುವ ಇಂಡೆಕ್ಸ್‌ಆಫ್ ವಿಧಾನವನ್ನು ಕರೆದು, ಬಂದ ಉತ್ತರ ಸೊನ್ನೆಯೇ ಎಂದು ಹೋಲಿಸುತ್ತಾನೆ. ಉತ್ತರವೇನೋ ಸರಿಯಾಗಿಯೇ ಬರುತ್ತದೆ; ಆದರೆ ಸಾಲಿನ ಆರಂಭದಲ್ಲಿ ಆ ಪದ ಇಲ್ಲದಿದ್ದಾಗ ಇಂಡೆಕ್ಸ್‌ಆಫ್ ಅಲ್ಲಿಗೆ ನಿಲ್ಲದೆ, ಎರಡನೆಯ ಅಕ್ಷರದಿಂದ, ಮೂರನೆಯದರಿಂದ ಎಂದು ಸಾಲಿನ ಕೊನೆಯವರೆಗೂ ಹುಡುಕುತ್ತದೆ. ಪತ್ರದ ತಲೆಯ ಮೇಲೆ 'ಶ್ರೀ' ಇದೆಯೇ ಎಂದು ನೋಡಲು ಇಡೀ ಪತ್ರವನ್ನು ಓದಿ ಮುಗಿಸಿದಂತೆ ಇದು. ಅದರ ಬದಲು ಸ್ಟಾರ್ಟ್ಸ್‌ವಿತ್ ಎಂಬ ವಿಧಾನವನ್ನು ಕರೆದರೆ ಆರಂಭದ ಅಕ್ಷರಗಳ ಹೋಲಿಕೆಯಲ್ಲಿಯೇ ಕೆಲಸ ಮುಗಿಯುತ್ತದೆ. ಸಾವಿರ ಅಕ್ಷರಗಳ ಸಾಲುಗಳು ಲಕ್ಷಗಟ್ಟಲೆ ಇರುವ ದಾಖಲೆ ಕಡತದಲ್ಲಿ, ಅದೂ ಹೆಚ್ಚಿನ ಸಾಲುಗಳು ದೋಷದ ಸಾಲುಗಳಲ್ಲದಿರುವಾಗ, ಈ ವ್ಯತ್ಯಾಸ ಸಣ್ಣದಲ್ಲ. ದೊರೆತ ಸ್ಥಾನವನ್ನು ಮುಂದೆ ಬೇರೆ ಕೆಲಸಕ್ಕೆ ಬಳಸಿಕೊಳ್ಳುವ ಕಡೆ ನಿಯಮ ಈ ಸಲಹೆ ಕೊಡುವುದಿಲ್ಲ. ಅಲ್ಲಿ ಆ ಹುಡುಕಾಟ ನಿಜಕ್ಕೂ ಬೇಕಾದದ್ದು.

ಸಿಎ1862 ಹೇಳುವುದು ದೊಡ್ಡಕ್ಷರ–ಸಣ್ಣಕ್ಷರಗಳ ಭೇದವನ್ನು ಬದಿಗಿಟ್ಟು ಹೋಲಿಸುವ ರೂಢಿಯ ಕುರಿತು. ಎರಡೂ ಸ್ಟ್ರಿಂಗ್‌ಗಳನ್ನು ಸಣ್ಣಕ್ಷರಕ್ಕೆ ತಿರುಗಿಸಿ ಹೋಲಿಸಿದಾಗ, ಹೋಲಿಸಿದ ಕೂಡಲೇ ಎಸೆಯಬೇಕಾದ ಹೊಸ ಪ್ರತಿಗಳು ಸ್ಮೃತಿಯಲ್ಲಿ ಹುಟ್ಟುತ್ತವೆ. ಭೇದವನ್ನು ಕಡೆಗಣಿಸು ಎಂದು ಹೋಲಿಕೆಯ ವಿಧಾನಕ್ಕೇ ತಿಳಿಸಿದರೆ ಆ ಪ್ರತಿಗಳ ಅಗತ್ಯವೇ ಬೀಳದು.

ಹೊಸ ನಿಯಮಗಳಲ್ಲಿ ಸಿಎ1870 ಯಂತ್ರದ ಒಳಗುಟ್ಟಿಗೆ ಅತಿ ಹತ್ತಿರವಾದದ್ದು. ಅಲ್ಪವಿರಾಮ, ಅರ್ಧವಿರಾಮ, ಆವರಣ ಮುಂತಾದ ಹಲವು ಚಿಹ್ನೆಗಳಲ್ಲಿ ಯಾವುದಾದರೂ ಒಂದು ಮೊದಲು ಎಲ್ಲಿ ಬರುತ್ತದೆ ಎಂದು ಹುಡುಕುವಾಗ, ಆ ಚಿಹ್ನೆಗಳ ಗುಂಪು ಹೇಗಿದೆ ಎಂಬುದನ್ನು ಪ್ರತಿ ಸಲವೂ ಹೊಸದಾಗಿ ಪರಿಶೀಲಿಸುವ ಬದಲು, 2023ರ ಡಾಟ್‌ನೆಟ್ 8ರಲ್ಲಿ ಬಂದ ಸರ್ಚ್‌ವ್ಯಾಲ್ಯೂಸ್ ಎಂಬ ವರ್ಗದಲ್ಲಿ ಅದನ್ನು ಒಮ್ಮೆ ಸಿದ್ಧಪಡಿಸಿಟ್ಟುಕೊಂಡು ಮತ್ತೆ ಮತ್ತೆ ಬಳಸಬೇಕೆಂಬುದು ಇದರ ಸಲಹೆ. ಆ ವರ್ಗವು ಗುಂಪಿನ ಗುಣವನ್ನು ನೋಡಿ ತಕ್ಕ ವಿಧಾನವನ್ನು ಆರಿಸಿಕೊಳ್ಳುತ್ತದೆ ಮತ್ತು ಸಾಧ್ಯವಾದಲ್ಲೆಲ್ಲ ಸಂಸ್ಕಾರಕದ ವೆಕ್ಟರ್ ಆದೇಶಗಳನ್ನು, ಎಂದರೆ ಒಂದೇ ಆದೇಶದಲ್ಲಿ ಹಲವು ಮೌಲ್ಯಗಳನ್ನು ಒಟ್ಟಿಗೆ ಪರಿಶೀಲಿಸುವ ಸೌಲಭ್ಯವನ್ನು ಬಳಸುತ್ತದೆ. ಡಾಟ್‌ನೆಟ್‌ನಲ್ಲಿ ಸ್ಟ್ರಿಂಗ್‌ನ ಒಂದೊಂದು ಘಟಕವೂ 16 ಬಿಟ್‌ಗಳದ್ದಾದ್ದರಿಂದ 128 ಬಿಟ್‌ಗಳ ವೆಕ್ಟರ್‌ನಲ್ಲಿ 8 ಘಟಕಗಳೂ, 256 ಬಿಟ್‌ಗಳದ್ದರಲ್ಲಿ 16 ಘಟಕಗಳೂ ಒಮ್ಮೆಗೇ ಪರೀಕ್ಷೆಗೆ ಒಳಗಾಗುತ್ತವೆ. ಡಾಟ್‌ನೆಟ್ 9ರಲ್ಲಿ ಇದೇ ವರ್ಗವು ಇಡೀ ಪದಗಳ ಗುಂಪನ್ನೂ ಹುಡುಕುವಂತಾಯಿತು. ಅದರ ಒಳಗೆ ಬಳಕೆಯಾಗುವ ವಿಧಾನಗಳಲ್ಲಿ 1975ರ ಆಹೊ–ಕೊರಾಸಿಕ್ ಕೂಡ ಒಂದು.

ಇಷ್ಟೇ ಆಗಿದ್ದರೆ ಈ ನಿಯಮಗಳನ್ನು ವೇಗದ ಸೂತ್ರಗಳೆಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಹುಡುಕಾಟದಲ್ಲಿ ಎರಡು ಬಗೆಗಳಿವೆ: ಘಟಕಗಳ ಸಂಖ್ಯಾಮೌಲ್ಯಗಳನ್ನು ಇದ್ದಂತೆಯೇ ಹೋಲಿಸುವ ಆರ್ಡಿನಲ್ ಬಗೆ ಒಂದು, ಭಾಷೆಯ ರೂಢಿಗೆ ಅನುಸಾರವಾಗಿ ಹೋಲಿಸುವ ಸಾಂಸ್ಕೃತಿಕ ಬಗೆ ಇನ್ನೊಂದು. ಮೊದಲನೆಯದು ಬಹಳ ವೇಗದ್ದು, ಎರಡನೆಯದು ನಿಧಾನದ್ದು. ತೊಡಕೆಂದರೆ ಯಾವ ವಿಧಾನ ಯಾವ ಬಗೆಯದು ಎಂಬುದರಲ್ಲಿ ಡಾಟ್‌ನೆಟ್ ಏಕರೂಪವಾಗಿಲ್ಲ. ಏನನ್ನೂ ಹೇಳದೆ ಕರೆದಾಗ ಪದ ಒಳಗಿದೆಯೇ ಎಂದಷ್ಟೇ ಹೇಳುವ ಕಂಟೇನ್ಸ್ ವಿಧಾನ ಆರ್ಡಿನಲ್ ಆಗಿ ನಡೆದುಕೊಂಡರೆ, ಅದರ ಒಡಹುಟ್ಟಿದವುಗಳಂತಿರುವ ಇಂಡೆಕ್ಸ್‌ಆಫ್ ಮತ್ತು ಸ್ಟಾರ್ಟ್ಸ್‌ವಿತ್ ಸ್ಟ್ರಿಂಗನ್ನು ಪಡೆದಾಗ ಸಾಂಸ್ಕೃತಿಕವಾಗಿಯೂ, ಒಂಟಿ ಅಕ್ಷರವನ್ನು ಪಡೆದಾಗ ಆರ್ಡಿನಲ್ ಆಗಿಯೂ ನಡೆದುಕೊಳ್ಳುತ್ತವೆ. ಇದು ಕಟ್ಟುವಾಗಲೇ ಉಳಿದುಹೋದ ವಿನ್ಯಾಸದ ಕೊರತೆಯೆನ್ನದೆ ವಿಧಿಯಿಲ್ಲ. ಡಾಟ್‌ನೆಟ್ 5ರಲ್ಲಿ ವಿಂಡೋಸ್‌ನ ಮೇಲೂ ಭಾಷಾ ನಿಯಮಗಳಿಗಾಗಿ ಐಸಿಯು ಗ್ರಂಥಾಲಯವನ್ನು ಬಳಸತೊಡಗಿದಾಗ ಇದರ ಪರಿಣಾಮ ಬಯಲಿಗೆ ಬಂತು: ಸಾಲು ಮುಗಿಯುವುದನ್ನು ಸೂಚಿಸುವ ಜೋಡಿ ಚಿಹ್ನೆಗಳಲ್ಲಿ ಎರಡನೆಯದನ್ನು ಸ್ಟ್ರಿಂಗ್ ರೂಪದಲ್ಲಿ ಇಂಡೆಕ್ಸ್‌ಆಫ್‌ಗೆ ಕೊಟ್ಟು ಹುಡುಕಿದರೆ, ಹಿಂದಿನ ಆವೃತ್ತಿಗಳಲ್ಲಿ ಸಿಗುತ್ತಿದ್ದ ಚಿಹ್ನೆ ಸಿಗಲಿಲ್ಲವೆಂಬ ಉತ್ತರ ಬರತೊಡಗಿತು, ಏಕೆಂದರೆ ಆ ಜೋಡಿಯನ್ನು ಐಸಿಯು ಬಿಡಿಸಲಾಗದ ಒಂದೇ ಘಟಕವೆಂದು ಎಣಿಸುತ್ತದೆ. ಹೋಲಿಕೆಯ ಬಗೆಯನ್ನು ಸ್ಪಷ್ಟವಾಗಿ ಬರೆಯಬೇಕೆಂದು ಕೇಳುವ ಸಿಎ1310ರ ನಿಜವಾದ ಬೆಲೆ ಇಂತಹಲ್ಲಿ ತಿಳಿಯುತ್ತದೆ. ತಾನಾಗಿ ಎಚ್ಚರಿಕೆಯ ರೂಪದಲ್ಲಿ ಕಾಣಿಸಿಕೊಳ್ಳದ ಆ ನಿಯಮವನ್ನು ತಂಡವೇ ಚಾಲನೆಗೆ ತಂದುಕೊಳ್ಳಬೇಕು.

ಒಂದಕ್ಷರದ ಸ್ಟ್ರಿಂಗ್ ಬದಲು ಒಂಟಿ ಅಕ್ಷರವನ್ನೇ ಕೊಡಿ ಎನ್ನುವ ಸಲಹೆ ಸಿಎ1865, ಸಿಎ1866 ಮತ್ತು ಸಿಎ1867 ಎಂದು ಮೂರು ಸಂಖ್ಯೆಗಳಲ್ಲಿ ಹಂಚಿಹೋಗಿರುವುದಕ್ಕೂ ಕಾರಣ ಈ ಎರಡು ಬಗೆಗಳ ಭೇದವೇ: ಬದಲಾವಣೆಯಿಂದ ಅರ್ಥ ಕೆಡದ ಸಂದರ್ಭಗಳು ಮೊದಲನೆಯದರಲ್ಲಿವೆ, ಸಾಂಸ್ಕೃತಿಕ ಹೋಲಿಕೆಯನ್ನು ಬೇಕೆಂದೇ ಕೇಳಿದ ಸಂದರ್ಭಗಳಿಗೆ ಮೀಸಲಾದ ಕೊನೆಯದು ನಿಷ್ಕ್ರಿಯವಾಗಿಯೇ ಬರುತ್ತದೆ.

ಕನ್ನಡ ಪಠ್ಯದ ಮಟ್ಟಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಯುನಿಕೋಡ್‌ನಲ್ಲಿ 'ಕೊ' ಎಂಬ ಅಕ್ಷರವನ್ನು ಕಕಾರದ ಮುಂದೆ ಒತ್ವದ ಒಂದೇ ಸಂಕೇತವನ್ನಿಟ್ಟೂ ಬರೆಯಬಹುದು, ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳನ್ನಿಟ್ಟೂ ಬರೆಯಬಹುದು; ಇವೆರಡೂ ಸಮಾನವೆಂದು ಯುನಿಕೋಡ್ ಹೇಳುತ್ತದೆ, ಕಣ್ಣಿಗೂ ಒಂದೇ ಆಗಿ ಕಾಣುತ್ತವೆ, ಆದರೆ ಆರ್ಡಿನಲ್ ಹುಡುಕಾಟಕ್ಕೆ ಅವು ಬೇರೆ ಬೇರೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟಕಾರಕ್ಕೆ ವಕಾರ ಒತ್ತಾಗದಂತೆ ತಡೆಯುವ, 'ರ‍್ಯಾಲಿ' ಎಂಬಲ್ಲಿ ಅರ್ಕಾವತ್ತು ಬಾರದಂತೆ ನೋಡಿಕೊಳ್ಳುವ ಅಗೋಚರ ಚಿಹ್ನೆಗಳನ್ನು ಸಾಂಸ್ಕೃತಿಕ ಹೋಲಿಕೆ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಆರ್ಡಿನಲ್ ಹೋಲಿಕೆ ಅವನ್ನೂ ಎಣಿಸಿ, ಆ ಚಿಹ್ನೆ ಇಲ್ಲದೆ ಟೈಪಿಸಿದ ಓದುಗನನ್ನು ಬರಿಗೈಯಲ್ಲಿ ಕಳಿಸುತ್ತದೆ. ಒಂಟಿ ಅಕ್ಷರದ ಸಲಹೆಯಂತೂ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ, ಏಕೆಂದರೆ 'ಕ್ಷ' ಎಂಬುದು ಓದುವವನಿಗೆ ಒಂದೇ ಅಕ್ಷರವಾದರೂ ಡಾಟ್‌ನೆಟ್‌ಗೆ ಮೂರು ಘಟಕ. ಅದನ್ನು ಒಂಟಿ ಅಕ್ಷರವೆಂದು ಬರೆದರೆ ಕಂಪೈಲರ್ ಒಪ್ಪುವುದೇ ಇಲ್ಲ.

ವೇಗವನ್ನೂ ಸರಿಯುತ್ತರವನ್ನೂ ಒಟ್ಟಿಗೆ ಪಡೆಯುವ ದಾರಿ ಇಲ್ಲವೆಂದಲ್ಲ. ಪಠ್ಯವನ್ನು ಸಂಗ್ರಹಿಸುವಾಗಲೇ ನಾರ್ಮಲೈಸ್ ವಿಧಾನದಿಂದ ಸಮಾನ ರೂಪಗಳನ್ನು ಒಂದೇ ರೂಪಕ್ಕೆ ತಂದು, ಆ ವಿಧಾನ ಮುಟ್ಟದೆ ಬಿಡುವ ಅಗೋಚರ ಚಿಹ್ನೆಗಳನ್ನು ಹುಡುಕಾಟಕ್ಕೆಂದೇ ಇಟ್ಟ ಪ್ರತಿಯಿಂದ ಬೇರೆಯಾಗಿ ತೆಗೆದುಹಾಕಿ, ಓದುಗ ಕೊಟ್ಟ ಪದಕ್ಕೂ ಅದೇ ಸಂಸ್ಕಾರ ಮಾಡಿದರೆ, ಆಮೇಲೆ ಆರ್ಡಿನಲ್ ಹುಡುಕಾಟವನ್ನು ನಿಶ್ಚಿಂತೆಯಿಂದ ನಡೆಸಬಹುದು. ಇಂತಹ ಸಿದ್ಧತೆ ನಡೆದಿದೆಯೋ ಇಲ್ಲವೋ, ಕೈಯಲ್ಲಿರುವ ಸ್ಟ್ರಿಂಗ್ ಕಡತದ ವಿಳಾಸವೋ ಊರಿನ ಹೆಸರೋ ಎಂಬುದು ವಿಶ್ಲೇಷಕಕ್ಕೆ ತಿಳಿಯುವ ಸಂಗತಿಯಲ್ಲ. ನಿಯಮಗಳ ತೀವ್ರತೆಯನ್ನು ನಿರ್ಧರಿಸುವ ಎಡಿಟರ್‌ಕಾನ್ಫಿಗ್ ಕಡತವನ್ನು ಫೋಲ್ಡರ್‌ಗೊಂದರಂತೆ ಇಡಲು ಅವಕಾಶವಿರುವುದರಿಂದ, ಯಂತ್ರಗಳ ನಡುವಿನ ಮಾತುಕತೆಯನ್ನು ನಿಭಾಯಿಸುವ ಫೋಲ್ಡರ್‌ನಲ್ಲಿ ಸಿಎ1310 ಮತ್ತು ಸಿಎ1858ನ್ನು ದೋಷದ ಮಟ್ಟಕ್ಕೆ ಏರಿಸಿ, ಹೆಸರು–ವಿಳಾಸಗಳನ್ನು ಹುಡುಕುವ ಫೋಲ್ಡರ್‌ನಲ್ಲಿ ಸಿಎ1867ನ್ನು ಎಬ್ಬಿಸದೆ ಬಿಡುವುದು ಲೇಸು.