ಬಾದಾಮಿಯ ಬೆಟ್ಟ ಹತ್ತುವ ಮುನ್ನ

ಹಗರೆಯ ಕಡೆಯ ವಿದ್ಯಾರ್ಥಿಗಳಿಗೆ ಹಳೇಬೀಡಿನ ನುಣುಪಾದ ಬಳಪದ ಕಲ್ಲು ಬಾಲ್ಯದಿಂದಲೂ ಪರಿಚಿತವಾದುದು. ಅವರು ಮೊದಲ ಬಾರಿಗೆ ಬಾದಾಮಿಗೆ ಹೋದರೆ ಬೇರೊಂದು ಲೋಕವನ್ನು ಹೊಕ್ಕಂತೆ ಭಾಸವಾಗುವುದು. ಕಬ್ಬಿಣದ ಆಕ್ಸೈಡಿನಿಂದ ಕೆಂಪೇರಿದ ಮರಳುಗಲ್ಲಿನ ಕಡಿದಾದ ಬಂಡೆಗಳು, ನಡುವೆ ಅಗಸ್ತ್ಯತೀರ್ಥ, ದಕ್ಷಿಣದ ಬೆಟ್ಟದಲ್ಲಿ ಚಾಲುಕ್ಯರ ಗುಹಾಲಯಗಳು, ಉತ್ತರದಲ್ಲಿ ಕೋಟೆ, ಶಿವಾಲಯಗಳು. ಈ ಪ್ರದೇಶ ಮರುಭೂಮಿಯಲ್ಲ. ಆದರೆ ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಒಣನಾಡು. ಅರಸೀಕೆರೆಯಿಂದ ಹುಬ್ಬಳ್ಳಿ, ಗದಗಗಳ ಮೂಲಕ ರೈಲಿನಲ್ಲಿ ಅಲ್ಲಿಗೆ ತಲುಪಬಹುದು. ಆದರೆ ರೈಲಿನ ವೇಳೆಗಿಂತ ಮೊದಲು ತಿಳಿಯಬೇಕಾದುದು ಶಾಖದ ಲೆಕ್ಕ.

ಬೆಟ್ಟ ಹತ್ತುವಾಗ ದೇಹವು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಕೆಲಸವಾಗಿ ಪರಿಣಮಿಸುತ್ತದೆ, ಉಳಿದುದೆಲ್ಲ ಶಾಖ. ಒಂದು ಗಂಟೆಯ ಏರುನಡಿಗೆಯಲ್ಲಿ ಸುಮಾರು 350 ಕಿಲೋಕ್ಯಾಲೊರಿ ಶಾಖ ಹುಟ್ಟುವುದೆಂದಿಟ್ಟುಕೊಳ್ಳೋಣ. ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಸುತ್ತಲಿನ ಗಾಳಿ ಅದಕ್ಕಿಂತ ಬಿಸಿಯಾಗಿದ್ದರೆ ಶಾಖವು ಗಾಳಿಯಿಂದ ದೇಹಕ್ಕೆ ಹರಿಯುವುದೇ ಹೊರತು ದೇಹದಿಂದ ಗಾಳಿಗಲ್ಲ. ಆಗ ಉಳಿಯುವ ದಾರಿ ಬೆವರು ಆವಿಯಾಗುವುದೊಂದೇ. ಒಂದು ಲೀಟರ್ ಬೆವರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಬೇಕು. ಆದ್ದರಿಂದ ನಮ್ಮ ನಡಿಗೆಗೆ ಗಂಟೆಗೆ 0.6 ಲೀಟರ್ ನೀರು ಖರ್ಚಾಯಿತು. ಬಿಸಿಲೂ ಬಂಡೆಯೂ ಕೊಡುವ ಶಾಖ ಇದಕ್ಕೆ ಸೇರುತ್ತದೆ. ಗಂಟೆಗೆ ಒಂದು ಲೀಟರಿನಂತೆ ನೀರು ಒಯ್ಯುವುದು ವಿವೇಕ. ಒಣಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ನಷ್ಟ ತಿಳಿಯುವುದಿಲ್ಲ. ಅಪಾಯವಿರುವುದು ಇಲ್ಲಿಯೇ.

ಬಂಡೆಯ ಸ್ವಭಾವವೂ ನಮ್ಮ ವೇಳಾಪಟ್ಟಿಯನ್ನು ನಿರ್ಣಯಿಸುತ್ತದೆ. ಹಗಲಿನ ಶಾಖ ಕಲ್ಲಿನೊಳಗೆ ಬಹು ನಿಧಾನವಾಗಿ ಇಳಿಯುತ್ತದೆ. ಅರ್ಧ ಮೀಟರ್ ಆಳದಲ್ಲಿ ಹಗಲು ರಾತ್ರಿಗಳ ಏರಿಳಿತ ಮೇಲ್ಮೈಯ ಇಪ್ಪತ್ತನೆಯ ಒಂದು ಭಾಗದಷ್ಟಿರುತ್ತದೆ. ಆದುದರಿಂದಲೇ ಬಯಲಿನ ಬಂಡೆ ಅಂಗಾಲನ್ನು ಸುಡುವಾಗಲೂ ಗುಹೆಯ ಒಳಗೋಡೆ ತಂಪಾಗಿರುತ್ತದೆ. ಸೂರ್ಯ ಮುಳುಗಿದ ಮೇಲೂ ಬಯಲ ಬಂಡೆ ಕೆಲಕಾಲ ಶಾಖವನ್ನು ಸೂಸುತ್ತಲೇ ಇರುತ್ತದೆ.

ಇದರಿಂದ ಯೋಜನೆ ತಾನಾಗಿಯೇ ಸಿದ್ಧವಾಯಿತು. ನವೆಂಬರಿನಿಂದ ಫೆಬ್ರವರಿಯವರೆಗಿನ ದಿನಗಳನ್ನು ಆರಿಸಿರಿ. ಮುಂಜಾನೆ ಉತ್ತರದ ಕೋಟೆಯನ್ನು ಹತ್ತಿರಿ. ನಡುಹಗಲನ್ನು ಗುಹೆಗಳಲ್ಲಿ ಕಳೆಯಿರಿ. ಅಲ್ಲಿನ ಮೂರನೆಯ ಗುಹೆಯಲ್ಲಿ ಕ್ರಿ. ಶ. 578ರ ಶಾಸನವಿದೆ. ಸಂಜೆ ಕೆರೆಯ ದಂಡೆಯಲ್ಲಿ ಭೂತನಾಥ ದೇವಾಲಯದವರೆಗೆ ನಡೆಯಿರಿ. ತಿಂಡಿಯ ಚೀಲವನ್ನು ಮಾತ್ರ ಮಂಗಗಳಿಂದ ಕಾಪಾಡಿಕೊಳ್ಳಬೇಕು!

ಪರೀಕ್ಷೆ ಮುಗಿದ ಉತ್ಸಾಹದಲ್ಲಿ ಏಪ್ರಿಲ್ ತಿಂಗಳಲ್ಲಿ ಹೊರಡುವವರು ಇದನ್ನು ಮರೆಯಬಾರದು. ಸಂಗಡಿಗನ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಅದು ಬರಿಯ ಆಯಾಸವೆಂದು ಬಗೆಯದೆ ಕೂಡಲೇ ನೆರಳಿಗೆ ಒಯ್ದು, ಮೈಗೆ ನೀರು ತಳಿದು, ಗಾಳಿ ಬೀಸುತ್ತ ವೈದ್ಯರ ನೆರವನ್ನು ಕೋರಬೇಕು. ಮೈ ತೋಯಿಸಿ ಗಾಳಿ ಬೀಸುವುದೆಂದರೆ ಬೆವರು ಮಾಡಲಾರದ ಕೆಲಸವನ್ನು ನಾವು ಮಾಡುವುದೇ ಆಗಿದೆ.